ತೊಂಬತ್ತೊಂದರ ತಪ್ಪೇನು?

ಗ್ರೇಟರ್ ನೋಯ್ಡಾ
16 ಸೆಪ್ಟೆಂಬರ್ 2025

ಚಿರಂಜೀವಿ ಮುರಳಿಗೆ ಅಮ್ಮನ ಆಶೀರ್ವಾದ.

ಶಿಲ್ಲಾಂಗಿನ ಮಳೆಗೆ ನಿನ್ನ ಕೆಮ್ಮು ಹೇಗಿದೆ? ಆಫೀಸಿನ ಕ್ಯಾಂಟೀನಿನಲ್ಲಿ ಅನ್ನ ಸಿಗುತ್ತಿದೆಯೇ? ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಹೆಂಡತಿ ಅಮೂಲ್ಯ ದಿನಾ ಮೂರು ಗಂಟೆ ಕಾರಿನಲ್ಲೇ ಕಳೆದು ಸುಸ್ತಾಗಿ ಬರುತ್ತಾಳೆ. ಕ್ಷೇಮಸಮಾಚಾರ ಇಷ್ಟೇ, ಇನ್ನು ಬರೆಯುವುದೆಲ್ಲ ಬೈಗುಳ. ಫೋನಿನಲ್ಲಿ ಬೈಯೋಣವೆಂದರೆ ‘ಅಮ್ಮಾ, ಮೀಟಿಂಗ್‌ನಲ್ಲಿದ್ದೀನಿ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ.

ನಿನ್ನ ಮಗಳ ಆರನೇ ಕ್ಲಾಸಿನ ಟೆಸ್ಟಿನಲ್ಲಿ, ತೊಂಬತ್ತರಿಂದ ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಬರೆಯಿರಿ ಎಂದಿತ್ತು. ಅದಿತಿ ತೊಂಬತ್ತೇಳು ಒಂದನ್ನೇ ಬರೆದಳು. ತೊಂಬತ್ತೊಂದನ್ನೂ ಬರೆಯಬೇಕಿತ್ತೆಂದು ಟೀಚರ್ ಕೆಂಪು ಗೀಟು ಎಳೆದರು. ಅದು ಎರಡರಿಂದ ಭಾಗವಾಗುವುದಿಲ್ಲ, ಮೂರರಿಂದಲೂ ಇಲ್ಲ, ಐದರಿಂದಲೂ ಇಲ್ಲ. ಅಷ್ಟಕ್ಕೇ ಬಿಟ್ಟರೆ ಯಾರಾದರೂ ಮೋಸಹೋಗುತ್ತಾರೆ. ಟೀಚರನ್ನು ನಾನು ದೂರುವುದಿಲ್ಲ, ಪಾಪ, ನಲವತ್ತು ಮಕ್ಕಳ ಪೇಪರು ತಿದ್ದುವವರು. ಆದರೆ ಹುಡುಗಿ ಎದ್ದು ನಿಂತು ‘ಮ್ಯಾಮ್, ಸೆವೆನ್ ಥರ್ಟೀನ್ಸ್ ಆರ್ ನೈಂಟಿ ಒನ್’ ಎಂದದ್ದಕ್ಕೆ, ಎದುರುತ್ತರ ಕೊಡುತ್ತಾಳೆಂದು ಡೈರಿಯಲ್ಲಿ ಬರೆದು ಕಳಿಸಿದರು.

ಅವಳಿಗೆ ಅದು ಗೊತ್ತಾದದ್ದು ಪುಸ್ತಕದಿಂದಲ್ಲ ಕಣೋ. ಗಣೇಶನ ಹಬ್ಬಕ್ಕೆ ಬೇಸನ್ ಲಾಡು ಕಟ್ಟಿದ್ದೆ. ಕೆಳಗೆ ಆರಾರರ ಆರು ಸಾಲು, ಅದರ ಮೇಲೆ ಐದೈದರ ಐದು, ಹೀಗೆ ತುದಿಗೊಂದು ಇಟ್ಟು ಗೋಪುರ ಮಾಡಿದವಳು ಅವಳೇ. ಎಣಿಸಿದರೆ ತೊಂಬತ್ತೊಂದು. ಪೂಜೆಯಾದ ಮೇಲೆ ಪೇಪರು ಹಾಸಿ ಒಂದು, ಎರಡು, ಮೂರು ಎಂದು ಏರುಸಾಲಿನಲ್ಲಿ ಜೋಡಿಸಿದಳು. ಹದಿಮೂರನೇ ಸಾಲಿಗೆ ಸರಿಯಾಗಿ ಮುಗಿಯಿತು, ಒಂದೂ ಮಿಗಲಿಲ್ಲ. ಕೊನೆಗೆ ನಮ್ಮ ಟವರಿನ ಹದಿಮೂರು ಮನೆಗಳಿಗೆ ಏಳೇಳರಂತೆ ಹಂಚಿ, ಖಾಲಿ ತಟ್ಟೆ ಹಿಡಿದು ಲಿಫ್ಟಿನಲ್ಲೇ ಕುಣಿದಳು. ಒಂದು ಸಂಖ್ಯೆಯ ಹೊಟ್ಟೆಯೊಳಗೆ ಇಷ್ಟೆಲ್ಲ ಇರುತ್ತದೆಂದು ಏಳನೇ ಕ್ಲಾಸಿಗೇ ಓದು ಬಿಟ್ಟ ನನಗೂ ಆವತ್ತೇ ತಿಳಿದದ್ದು.

ನೀನು ಮಾಡಿದ್ದೇನು? ವಿಡಿಯೊ ಕಾಲಿನಲ್ಲಿ ಡೈರಿ ನೋಡಿದೆ, ಪ್ರಶ್ನೆ ಏನೆಂದು ಕೇಳಲಿಲ್ಲ. ಆಫೀಸಿನಲ್ಲಿ ಮೆಮೊ ಬಂದರೆ ಬರೆಯುವ ಉತ್ತರವನ್ನೇ ಮಗುವಿನ ಕೈಯಲ್ಲಿ ಬರೆಸಿದೆ: ‘ತಪ್ಪಿಗೆ ವಿಷಾದಿಸುತ್ತೇನೆ, ಇದು ಮರುಕಳಿಸುವುದಿಲ್ಲ.’ ಯಾವ ತಪ್ಪೋ? ಏನು ಮರುಕಳಿಸಬಾರದು, ಸರಿಯುತ್ತರವೇ? ಅವಳು ‘ಲೇಕಿನ್ ಪಾಪಾ’ ಎಂದರೆ ‘ಅಚ್ಛಾ ಅಚ್ಛಾ, ಮೊದಲು ಸೈನ್ ಮಾಡು’ ಎಂದೆ. ನಿನ್ನ ಅಪ್ಪನೂ ಮೂವತ್ತು ವರ್ಷ ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಇಂಥವೇ ಉತ್ತರ ಬರೆದವರು. ತಮ್ಮ ತಪ್ಪಿಲ್ಲದಾಗಲೂ ಬರೆದರು, ಹೊಟ್ಟೆಪಾಡು. ನಿನ್ನ ಕೈಯಲ್ಲಿ ಒಂದು ದಿನವೂ ಬರೆಸಲಿಲ್ಲ. ನನಗೆ ಸಿಟ್ಟು ಬಂದಿದೆ ಮುರಳಿ, ಅದಕ್ಕಿಂತ ಹೆಚ್ಚು ನಾಚಿಕೆಯಾಗಿದೆ.

ಬಿಸಿನೀರನ್ನೇ ಕುಡಿ. ಬೈದೆನೆಂದು ಊಟ ಬಿಡಬೇಡ. ಸಿಟ್ಟಿದ್ದರೂ ಹರಸುವ ಕೈ ನಿನ್ನ ತಲೆಯ ಮೇಲೇ ಇದೆ.

ನಿನ್ನ ಅಮ್ಮ,
ಲೀಲಮ್ಮ

ಮರೆತಿದ್ದೆ: ಆ ಕ್ಷಮಾಪಣೆ ಚೀಟಿ ಶಾಲೆಗೆ ಹೋಗಿಲ್ಲ. ಅವಳ ಬ್ಯಾಗಿನಿಂದ ತೆಗೆದು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಅವಳ ಸಹಿಯ ಮೇಲೆ ಗೀಟು ಎಳೆದು, ನಿನ್ನ ಸಹಿ ಹಾಕಿ, ಅದಿತಿಯ ಹೆಸರಿಗೆ ವಾಪಸ್ ಕಳಿಸು. ತಡಮಾಡಬೇಡ. ಈಗಷ್ಟೇ ಶಾಲೆಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದವಳನ್ನು, ಹದಿಮೂರೇಳಲೆ ಎಷ್ಟೇ ಎಂದು ಕೇಳಿದೆ. ತಲೆಯೆತ್ತದೆ, ‘ಪಾಪಾನ್ನ ಕೇಳಿ ಹೇಳ್ತೀನಿ, ಅಜ್ಜಿ’ ಎಂದಳು.