ಬಾಣದ ಗುರುತಿಲ್ಲದ ದಾರಿ

ನವೆಂಬರ್ ೨೧, ಶುಕ್ರವಾರ

ಪ್ರೀತಿಯ ಗುಬ್ಬಿಗೆ, ನಿನ್ನ ಅಕ್ಕನ ನೆನಪುಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ, ಆದರೆ ಮನಸ್ಸಿನಲ್ಲೇ ಬೈದುಕೋ. ಫೋನ್ ಮಾಡಬಹುದಿತ್ತು ಅನ್ನುತ್ತೀಯೆ. ಫೋನಿನಲ್ಲಿ ನೀನು "ಹೇಗಿದ್ದೀಯಾ" ಅಂದರೆ ನಾನು "ಚೆನ್ನಾಗಿದ್ದೀನಿ" ಅಂದುಬಿಡುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಿನ್ನ ಯಜಮಾನರ ಸೊಂಟನೋವು ಈಗ ಹೇಗಿದೆ? ಬಗ್ಗಿ ಕೆಲಸ ಮಾಡದಂತೆ ನೋಡಿಕೋ.

ಇಲ್ಲಿಯ ಸುದ್ದಿಯೆಂದರೆ, ಐವತ್ತು ದಾಟಿದ ನಿನ್ನ ಅಕ್ಕ ಕಳೆದ ಭಾನುವಾರ ಸೈಕಲ್ ತುಳಿದಳು. ನಗಬೇಡ.

ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರೇ ಊರಿನ ಸೈಕಲ್ ಕ್ಲಬ್ಬಿನ ಅಧ್ಯಕ್ಷರು. ನಮ್ಮ ಗುಂಡ ಹಗಲು ಹೊತ್ತು ಇರುತ್ತಾನಲ್ಲ, ಆ ಮಕ್ಕಳ ಮನೆಗೆ ಹಣ ಕೂಡಿಸಲೆಂದು ಕ್ಲಬ್ಬಿನವರು ವರ್ಷಕ್ಕೊಮ್ಮೆ ಹೊಲಗದ್ದೆಗಳ ನಡುವೆ ಸವಾರಿ ಹೊರಡುತ್ತಾರೆ. ಮಕ್ಕಳ ಮನೆ ಅನ್ನುವುದು ಹೆಸರಿಗಷ್ಟೆ. ನನ್ನ ಮಗನಿಗೇ ಇಪ್ಪತ್ತಾರು; ಉಳಿದವರಲ್ಲಿ ಅರ್ಧ ಜನಕ್ಕೆ ಮೀಸೆ ಬಂದಿದೆ, ಒಬ್ಬರಿಗೆ ನರೆಯೂ ಬಂದಿದೆ. ಮೈ ಬೆಳೆದು ಮನಸ್ಸು ಮಗುವಾಗಿಯೇ ಉಳಿದವರು. ರಾತ್ರಿಯೂ ಅಲ್ಲೇ ಉಳಿಯುವವರಿಗೆಂದು ಈಗ ಹೊಸ ಕೋಣೆಗಳನ್ನು ಕಟ್ಟಿಸಿದ್ದಾರೆ. ಈ ಸಲದ ಸವಾರಿ ಆ ಕೋಣೆಗಳ ಮಂಚ, ಹಾಸಿಗೆಗಾಗಿ.

"ನೀವೂ ಬರ್ಬೇಕಮ್ಮ, ಇದೆಲ್ಲ ನಿಮ್ಮಂಥವರಿಗಾಗೇ ಅಲ್ವಾ" ಅಂದರು ಡಾಕ್ಟರು. ನಿಮ್ಮಂಥವರು ಅಂದದ್ದು ಚುಚ್ಚಿತು. ಆದರೂ ತಲೆಯಾಡಿಸಿದೆ. ಇಲ್ಲ ಅನ್ನುವುದಕ್ಕೂ ತ್ರಾಣ ಬೇಕು, ಗುಬ್ಬಿ.

ಗುಂಡನನ್ನು ಮಕ್ಕಳ ಮನೆಯಲ್ಲಿ ಬಿಟ್ಟು, ಡಾಕ್ಟರ ಹೆಂಡತಿಯ ಸೈಕಲ್ ಹತ್ತಿದೆ. ಊರು ದಾಟುವಷ್ಟರಲ್ಲಿ ಹಳದಿ ಅಂಗಿಯ ಸವಾರರೆಲ್ಲ ದೂರದಲ್ಲಿ ಕಡಲೆಬೇಳೆ ಚೆಲ್ಲಿದ ಹಾಗೆ ಕಂಡರು. ನನ್ನ ಹಿಂದೆ ಉಳಿದವರು ಬಾಲಣ್ಣ ಒಬ್ಬರೇ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರೂ ಹಿಂದೆ ಬೀಳದಂತೆ ಸದಾ ಕೊನೆಯಲ್ಲಿ ಬರುತ್ತಾರೆಂದು ಕ್ಲಬ್ಬಿನವರು ಕಟ್ಟಿದ ಬಾಲ. ಕನ್ನಡಕದ ಅಂಗಡಿಯವರು, ಹೆಂಡತಿ ತೀರಿಕೊಂಡಿದ್ದಾರೆ.

"ನೀವು ಮುಂದೆ ಹೋಗಿ, ನಾನು ನಿಧಾನ" ಅಂದೆ.

"ನಾನು ಮುಂದೆ ಹೋದ್ರೆ ನೀವು ಕೊನೆಯೋರಾಗ್ತೀರಿ. ಆ ಕೆಲ್ಸ ನಂದು" ಅಂದರು.

ಇಳಿಜಾರು ಬಂತು. ಎರಡೂ ಕಡೆ ಕೊಯ್ಲು ಮುಗಿದ ಹೊಲ, ಕಿವಿಯಲ್ಲಿ ಗಾಳಿ. ಯಾರೂ ಅಮ್ಮಾ ಎಂದು ಕೂಗುತ್ತಿರಲಿಲ್ಲ. ಯಾರ ಅಂಗಿಯ ಗುಂಡಿಯನ್ನೂ ಹಾಕಬೇಕಾಗಿರಲಿಲ್ಲ, ಯಾರ ಬಾಯಿಯನ್ನೂ ಒರೆಸಬೇಕಾಗಿರಲಿಲ್ಲ. ದಾರಿ ಕವಲೊಡೆಯುವಲ್ಲಿ ರಸ್ತೆಯ ಮೇಲೆ ಸುಣ್ಣದಲ್ಲಿ ಎಡಕ್ಕೆ ಬಾಣ ಬರೆದಿದ್ದರು. ನಾನು ಬಲಕ್ಕೆ ತಿರುಗಿದೆ.

"ಅಮ್ಮಾ, ಬಾಣ ಆ ಕಡೆ."

"ಗೊತ್ತು."

"ಈ ಕಡೆ ಏನಿದೆ?"

"ಏನೂ ಇಲ್ಲ. ಸುಮ್ನೆ."

ಅವರೂ ಹ್ಯಾಂಡಲ್ ಬಲಕ್ಕೆ ತಿರುಗಿಸಿದರು. "ಸರಿ, ನಡೀರಿ. ಕೊನೆಯೋರು ಎಲ್ಲಿದ್ರೆ ನಾನೂ ಅಲ್ಲೇ" ಅಂದರು.

ಆ ದಾರಿ ಒಂದು ಕೆರೆಯ ಏರಿಯ ಹತ್ತಿರ ಮುಗಿದುಹೋಯಿತು. ಸೈಕಲ್ ಒರಗಿಸಿ ಹುಲ್ಲಿನ ಮೇಲೆ ಕೂತವಳು ಯಾವಾಗ ಉರುಳಿದೆನೋ, ಯಾವಾಗ ನಿದ್ದೆ ಬಂತೋ. ಎದ್ದಾಗ ಬಿಸಿಲು ನೆತ್ತಿಗೇರಿತ್ತು, ನನ್ನ ಮುಖದ ಮೇಲೆ ಬಾಲಣ್ಣನ ಟೋಪಿ ಇತ್ತು. ಅವರು ದೂರದಲ್ಲಿ ಬೆನ್ನು ಮಾಡಿ ಕೂತು ನೀರು ನೋಡುತ್ತಿದ್ದರು.

"ಎಬ್ಬಿಸಬಾರದಿತ್ತಾ?"

"ಎಬ್ಬಿಸೋ ಕೆಲ್ಸ ನಂದಲ್ವಲ್ಲ."

ನಗು ಬಂತು. ನಗುತ್ತ ನಗುತ್ತಲೇ ಬಾಯಿಂದ ಬೇರೆ ಮಾತು ಜಾರಿತು. "ನಂಗೆ ಮನೆಗೆ ಹೋಗೋಕೆ ಇಷ್ಟ ಇಲ್ಲ."

"ಇವತ್ತಾ, ಯಾವತ್ತೂನಾ?"

ಎದ್ದು ಹೋಗಿ ಟೋಪಿ ವಾಪಸ್ ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮವಳು ಹಾಸಿಗೆ ಹಿಡಿದಿದ್ದಾಗ ನಾನೂ ಒಂದಿನ ಎಲ್ಲಿಗೋ ಹೋಗೋ ಬಸ್ಸು ಹತ್ತಿ ಕೂತಿದ್ದೆ. ಎರಡು ಸ್ಟಾಪ್ ದಾಟಿದ ಮೇಲೆ ಇಳಿದು ವಾಪಸ್ ಬಂದೆ. ಯಾರಿಗೂ ಹೇಳ್ಲಿಲ್ಲ. ಹೇಳಿ ಯಾರನ್ನಾದ್ರೂ ನೆರವಿಗೆ ಕರ್ಕೋಬೇಕಿತ್ತು ಅಂತ ಈಗ ಅನ್ಸುತ್ತೆ."

ನಾವು ಮಕ್ಕಳ ಮನೆಗೆ ವಾಪಸಾದಾಗ ಊಟ ಮುಗಿದು ಕುರ್ಚಿಗಳನ್ನು ಮಡಚುತ್ತಿದ್ದರು. ಡಾಕ್ಟರು ನಮ್ಮನ್ನು ಹುಡುಕಲು ಕಾರಿನ ಬೀಗದಕೈ ಹಿಡಿದು ನಿಂತಿದ್ದರು. "ಟೈರ್ ತೊಂದ್ರೆ ಕೊಡ್ತು" ಅಂದರು ಬಾಲಣ್ಣ, ನಾನು ಬಾಯಿ ಬಿಡುವ ಮೊದಲೇ. ಸವಾರರಿಗೆ ನೀರು ಕೊಡುವ ಕೆಲಸ ಗುಂಡನಿಗೆ ವಹಿಸಿದ್ದರು. ಎರಡೂ ಕೈಯಲ್ಲಿ ಲೋಟ ಹಿಡಿದು, ಅರ್ಧ ಚೆಲ್ಲಿಕೊಂಡು ಬಂದ. "ಅಮ್ಮ ಲೇಟು" ಅಂದ. ಎಲ್ಲರೂ ನಕ್ಕರು.

ಆ ನೀರು ಕುಡಿದು, ಮಕ್ಕಳ ಮನೆ ನಡೆಸುವ ಹಿರಿಯಾಕೆಯ ಹತ್ತಿರ ಹೋಗಿ, ಹೊಸ ಕೋಣೆಯಲ್ಲಿ ಜಾಗ ಇದೆಯೇ ಎಂದು ಕೇಳಿದೆ. ಆಕೆ ನನ್ನ ಭುಜದ ಮೇಲೆ ಕೈಯಿಟ್ಟರು. "ಕಿಟಕಿ ಪಕ್ಕದ್ದು ಯಾರಿಗೂ ಕೊಟ್ಟಿಲ್ಲ. ನೀವಾಗೇ ಕೇಳ್ಲಿ ಅಂತಿದ್ದೆ."

ಬುಧವಾರ ಗುಂಡನನ್ನು ಅಲ್ಲಿ ಬಿಟ್ಟು ಬಂದೆ. ವಾರದ ಕೊನೆಗೆ ಮನೆಗೆ ಬರುತ್ತಾನೆ. ನಾಳೆ ಮಧ್ಯಾಹ್ನ ಹೋಗಿ ಕರೆತರಬೇಕು. ಪಕ್ಕದ ಮನೆಯಾಕೆ "ಬಿಟ್ಬಿಟ್ರಾ?" ಅಂತ ಕೇಳಿದಳು, ಕಾಟ ಕೊಡುವ ಬೆಕ್ಕನ್ನು ಹೊಳೆಯಾಚೆ ಬಿಟ್ಟು ಬಂದವರನ್ನು ಕೇಳುವ ಹಾಗೆ. ಹೂಂ ಅಂದೆ. ಮನೆಯಲ್ಲಿ ಈಗ ಒಂದೇ ತಟ್ಟೆ ತೊಳೆಯುತ್ತೇನೆ. ಸದ್ದಿಲ್ಲ. ಕಾಲು ಇನ್ನೂ ನೋಯುತ್ತಿದೆ. ಅದು ಸೈಕಲ್ಲಿನದು, ಹೋಗುತ್ತದೆ.

ನೀನು ಆರೋಗ್ಯ ನೋಡಿಕೋ, ಊಟ ಬಿಡಬೇಡ. ಮಕ್ಕಳಿಗೆ ದೊಡ್ಡಮ್ಮನ ಮುತ್ತು, ನಿನ್ನ ಯಜಮಾನರಿಗೆ ನಮಸ್ಕಾರ. ನಿನ್ನ ಹೊಟ್ಟೆ ತಣ್ಣಗಿರಲಿ, ಮನೆ ತುಂಬಿರಲಿ.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು. ಮೇಲೆ ಬರೆಯಲು ಕೈ ಬರಲಿಲ್ಲ. ಬುಧವಾರ ಹೊರಡುವಾಗ ಅವನು ಸೆರಗು ಹಿಡಿದು ಅಳುತ್ತಾನೆ ಅಂದುಕೊಂಡಿದ್ದೆ. ಅಳಲಿಲ್ಲ. ಬಾಗಿಲವರೆಗೆ ಬಂದು ನನ್ನ ಕೆನ್ನೆ ತಟ್ಟಿ, "ಅಮ್ಮಂಗೆ ಸಾಕಾಗಿದೆ. ಗುಂಡ ಇಲ್ಲೇ ಇರ್ತಾನೆ" ಅಂದ. ಅವನಿಗೇನು ತಿಳಿಯುತ್ತೆ ಅಂದುಕೊಂಡು, ಬಂದವರಿಗೆಲ್ಲ "ಸಾಕಾಗಿದೆ" ಅನ್ನುವ ಮಾತನ್ನು ಅವನೆದುರಿಗೇ ಹೇಳುತ್ತಿದ್ದೆನಲ್ಲೇ, ಗುಬ್ಬಿ.