ತಂಬಿಯ ಕೈಯಲ್ಲಿ ಕೊಟ್ಟ ಕಾಗದ

ದುಬೈ
೧೬ ನವೆಂಬರ್ ೧೯೮೪, ಶುಕ್ರವಾರ

ಪ್ರೀತಿಯ ರುಕಿಯಾಳಿಗೆ ಅದ್ರಾಮನ ಸಲಾಂ.

ನಾನು ಕ್ಷೇಮ. ಬೆಳ್ಳಾರೆಯಲ್ಲಿ ನೀನು, ಉಮ್ಮ, ನಮ್ಮ ಪುಟ್ಟ ಮಗಳು ನೆಬೀಸ ಮೋಳು ಎಲ್ಲರೂ ಸೌಖ್ಯ ಎಂದು ನಂಬಿದ್ದೇನೆ. ಎರಡು ತಿಂಗಳಾಯಿತು ಕಾಗದ ಹಾಕದೆ, ನೀನು ಮುಖ ಊದಿಸಿಕೊಂಡಿರಬಹುದು. ಕೆಲಸ ಜಾಸ್ತಿ ಇತ್ತು ಎಂದು ಬರೆದರೆ ನೀನು ನಂಬುತ್ತೀ, ಆದರೆ ಅದು ಸುಳ್ಳು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ. ಇವತ್ತು ಜುಮಾ ಮುಗಿಸಿ ಬಂದು, ಊಟ ಮಾಡಿ, ಪಟ್ಟು ಹಿಡಿದು ಕೂತಿದ್ದೇನೆ. ನಾಳೆ ತಂಬಿ ಊರಿಗೆ ಹೊರಡುತ್ತಾನೆ. ಈ ಕಾಗದ ಅವನ ಕೈಯಲ್ಲೇ ನಿನಗೆ ತಲುಪುತ್ತದೆ.

ತಂಬಿ ಎಂದರೆ ಅದೇ, ಕಡಬದ ರಬ್ಬರ್ ತೋಟದ ಪಾಪ್ಪಚ್ಚನ್ ಅವರ ಮಗ, ಆಗಸ್ಟಿನಲ್ಲಿ ರಜೆಗೆ ಬಂದಾಗ ನಮ್ಮ ಮನೆಗೆ ಸಾಮಾನು ತಂದುಕೊಟ್ಟವನು. ಈ ಸಲ ಅವನು ಬರುವುದು ರಜೆಗಲ್ಲ. ಫೋರ್‌ಮನ್ ಅವನನ್ನು ಕಳಿಸುತ್ತಿದ್ದಾನೆ. 'ಬೇಕಾದರೆ ಕರೆಸುತ್ತೇನೆ' ಎಂದಿದ್ದಾನೆ, ಅಂದರೆ ಬರಬೇಡ ಎಂದೇ ಲೆಕ್ಕ. ರುಕಿಯಾ, ಇದಕ್ಕೆ ಕಾರಣ ನಾನು. ಮೊದಲಿನಿಂದ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ನಮ್ಮ ಬೋಟು ರಿಪೇರಿಯ ಯಾರ್ಡಿನಲ್ಲಿ ಒಬ್ಬ ಅರಬಿಯ ರೇಸ್ ಬೋಟು ಇದೆ. ಕೆಂಪು ಬಣ್ಣ, ಉದ್ದ ಮೂತಿ, ಹಿಂದುಗಡೆ ಎಂಟೆಂಟು ಸಿಲಿಂಡರಿನ ಎರಡು ಎಂಜಿನ್. ಓಡುವಾಗ ನೀರಿಗೆ ತಾಗುವುದೇ ಅಪರೂಪ. ಅಷ್ಟು ಗಮ್ಮತ್ತಿನ ಬೋಟಿಗೂ ಒಂದು ಕಾಯಿಲೆ ಇತ್ತು. ಎಂಜಿನನ್ನು ತಣಿಸಲು ಸಮುದ್ರದ ನೀರನ್ನೇ ಅದರ ಹೊಟ್ಟೆಯೊಳಗೆ ಹಾಯಿಸುತ್ತಿದ್ದರು. ಉಪ್ಪುನೀರು ಕಬ್ಬಿಣವನ್ನು ತಿಂದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಎಂಜಿನ್ ಬದಲಿಸಬೇಕು, ಅರಬಿ ಬಂದು ಬೊಬ್ಬೆ ಹೊಡೆಯಬೇಕು, ನಾವು ತಲೆ ತಗ್ಗಿಸಿ ನಿಲ್ಲಬೇಕು. ಇದೇ ನಡೆದುಕೊಂಡು ಬಂದದ್ದು.

ರಜೆ ಮುಗಿಸಿ ಬಂದ ತಂಬಿ ಒಂದು ದಿನ ನೇರ ಫೋರ್‌ಮನ್ನಿನ ಹತ್ತಿರ ಹೋಗಿ, ಜೀಪಿನಲ್ಲಿ ಇದ್ದ ಹಾಗೆ ಒಳಗೆ ಸಿಹಿನೀರೇ ಸುತ್ತು ಹೊಡೆಯಲಿ, ಸಮುದ್ರದ ನೀರು ಅದಕ್ಕೆ ಬೆರೆಯದೆ ಅದನ್ನು ತಣಿಸಲಿ ಎಂದ. ನೆಬೀಸಳ ಬಿಸಿ ಹಾಲಿನ ಲೋಟವನ್ನು ನೀನು ತಣ್ಣೀರಿನ ಬಟ್ಟಲಲ್ಲಿ ಇಟ್ಟು ಆರಿಸುತ್ತೀಯಲ್ಲ, ಹಾಗೆಯೇ. ಹಾಲಿಗೆ ನೀರು ಸೇರುವುದಿಲ್ಲ, ಆದರೆ ಹಾಲು ಆರುತ್ತದೆ. ಇಲ್ಲಿ ಲೋಟದ ಬದಲು ಸಪೂರ ತಾಮ್ರದ ನಳಿಗೆಗಳನ್ನು ತುಂಬಿದ ಒಂದು ಉರುಟು ಡಬ್ಬಿ. ನಳಿಗೆಯ ಒಳಗೆ ಸಮುದ್ರದ ನೀರು, ಹೊರಗೆ ಎಂಜಿನ್ನಿನ ಸಿಹಿನೀರು. ಫೋರ್‌ಮನ್ ಎಲ್ಲರೆದುರು ಅವನ ಬೆನ್ನು ತಟ್ಟಿ, ಎರಡೂ ಎಂಜಿನ್ನಿನ ಕೆಲಸ ಅವನಿಗೇ ವಹಿಸಿದ.

ನನ್ನ ಹೊಟ್ಟೆ ಉರಿಯಿತು. ನಿನ್ನ ಹತ್ತಿರ ಮುಚ್ಚಿಡುವುದೇನು? ಒಂಬತ್ತು ವರ್ಷದಿಂದ ಈ ಯಾರ್ಡಿನಲ್ಲಿ ಇರುವವನು ನಾನು. ಪುತ್ತೂರಿನ ಗುರುವಪ್ಪಣ್ಣನ ಗ್ಯಾರೇಜಿನಲ್ಲಿ ಅವನಿಗೆ ಸ್ಪಾನರ್ ಹಿಡಿಯಲು ಕಲಿಸಿದವನು ನಾನು. ಅವನಿಗೊಂದು ವೀಸಾ ಕೊಡಿಸಿ ಎಂದು ಫೋರ್‌ಮನ್ನಿನ ಬೆನ್ನು ಬಿದ್ದವನೂ ನಾನೇ. ದಿನಾ ಆ ಎಂಜಿನ್ನುಗಳ ತುಕ್ಕು ಕೆರೆದ ನನಗೆ ಹೊಳೆಯದ್ದು ಇವನಿಗೆ ಹೊಳೆಯಿತಲ್ಲ! ಅವತ್ತು ಮೆಸ್ಸಿನಲ್ಲಿ ಅವನ ತಟ್ಟೆಗೆ ಎರಡನೇ ತುಂಡು ಮೀನು ಬಿದ್ದದ್ದನ್ನೂ ನಾನು ಕಣ್ಣಿಟ್ಟು ನೋಡಿದೆ. ಒಂದು ತುಂಡು ಮೀನಿಗೆ ಕರುಬುವ ಸ್ಥಿತಿಗೆ ಬಂದೆ ನೋಡು.

ಅವನಿಗೆ ಇದೊಂದೂ ಗೊತ್ತಿಲ್ಲ. ದಿನಾ ಸಂಜೆ ಬಂದು ಕರೆಯುತ್ತಿದ್ದ: "ಅದ್ರಾಮಾಕ, ಒಮ್ಮೆ ಬಂದು ನೋಡಿ ಮಾರಾಯ್ರೆ. ನೀವು ನೋಡದೆ ನನಗೆ ಧೈರ್ಯ ಇಲ್ಲ."

"ನಿನಗೆ ಗೊತ್ತಿಲ್ಲದ್ದು ನನಗೆ ಎಂತ ಗೊತ್ತುಂಟು? ನೀನೀಗ ದೊಡ್ಡ ಜನ ಅಲ್ವಾ," ಎಂದು ನಾನು ಕುಟುಕುತ್ತಿದ್ದೆ. ಅವನು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದ. ಅವನು ನಕ್ಕಷ್ಟೂ ನನಗೆ ಮೈಯೆಲ್ಲ ಉರಿ.

ಕೊನೆಗೆ ಒಂದು ಮಧ್ಯಾಹ್ನ, ಅವನು ಊಟಕ್ಕೆ ಹೋಗಿದ್ದಾಗ, ಬೋಟಿಗೆ ಹತ್ತಿದೆ. ಕೆಲಸ ಮುಗಿಯುತ್ತಾ ಬಂದಿತ್ತು. ಒಂದು ಪೈಪು ಓರೆ ಇಲ್ಲ, ಒಂದು ಕ್ಲಿಪ್ಪು ಸಡಿಲ ಇಲ್ಲ. ತಪ್ಪು ಹುಡುಕಲೆಂದೇ ಹೋದವನಿಗೆ ನಾಚಿಕೆಯಾಗುವಷ್ಟು ಚಂದ ಮಾಡಿದ್ದ. ತಿರುಗಿ ಬರುವಾಗ ಹಳೇ ನಟ್ಟು ಬೋಲ್ಟು ಹಾಕಿದ್ದ ಟ್ರೇಯಲ್ಲಿ ಅವನು ಎಂಜಿನ್ನಿನಿಂದ ಬಿಚ್ಚಿ ಹಾಕಿದ್ದ ಎರಡು ಥರ್ಮೋಸ್ಟಾಟ್ ಕಂಡವು. ಥರ್ಮೋಸ್ಟಾಟ್ ಎಂದರೆ ಒಂದು ಸಣ್ಣ ಬಾಗಿಲು. ಎಂಜಿನ್ ಬೇಕಾದಷ್ಟು ಬಿಸಿಯಾಗುವವರೆಗೆ ನೀರನ್ನು ತಡೆದು ನಿಲ್ಲಿಸುತ್ತದೆ. ನಮ್ಮ ಊರಿನಲ್ಲಿ ಘಾಟಿ ಹತ್ತುವ ಜೀಪು ಕುದಿಯುತ್ತದೆ ಎಂದು ಯಾರು ಬಂದರೂ ಗುರುವಪ್ಪಣ್ಣ ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಕಿತ್ತು ಬಿಸಾಡುವುದು. ನಾನೂ ಹಾಗೆಯೇ ಕಲಿತೆ, ತಂಬಿಗೂ ಹಾಗೆಯೇ ಕಲಿಸಿದೆ: "ಇದೊಂದು ಉಪದ್ರ, ತೆಗೆದು ಬಿಡುದು." ಅದು ತಪ್ಪು ಎಂದು ಇಲ್ಲಿಗೆ ಬಂದ ಮೇಲೆ ನನಗೆ ತಿಳಿಯಿತು. ಅವನಿಗೆ ಹೇಳಿರಲಿಲ್ಲ.

ಅವತ್ತಾದರೂ ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಅದರ ಬದಲು ಆ ಎರಡನ್ನೂ ಎತ್ತಿ ಕಿಸೆಗೆ ಹಾಕಿಕೊಂಡೆ, ಬೇರೆ ಯಾರೂ ನೋಡಿ ಅವನಿಗೆ ಹೇಳದಿರಲಿ ಎಂದು.

ಬೋಟು ನೀರಿಗಿಳಿಯಿತು. ಎಲ್ಲಿಯೂ ಸೋರಲಿಲ್ಲ. ಆದರೆ ಬಿಸಿ ತೋರಿಸುವ ಮುಳ್ಳು ಮೇಲೇಳಲೇ ಇಲ್ಲ. "ತಣ್ಣಗೆ ಇದ್ದಷ್ಟು ಒಳ್ಳೆದಲ್ವಾ ಅದ್ರಾಮಾಕ?" ಎಂದ ತಂಬಿ, ಪಾಪ. ನಾನು "ಹೌದು ಹೌದು" ಎಂದೆ. ಎಂಜಿನ್ ಬೆಚ್ಚಗಾಗದೆ ಕಪ್ಪು ಹೊಗೆ ಉಗುಳಿತು, ಮೊದಲಿನ ವೇಗ ಬರಲಿಲ್ಲ. ಎರಡು ವಾರ ಕಳೆದು ಆಯಿಲ್ ಇಳಿಸಿದರೆ ಅದು ಬೂದು ಬಣ್ಣದ ಗಂಜಿಯಾಗಿತ್ತು. ಸಮುದ್ರದ ನೀರು ಒಳಗೆ ನುಗ್ಗಿದೆ, ಈ ಏರ್ಪಾಡೇ ಸರಿ ಇಲ್ಲ ಎಂದು ಅರಬಿ ಕುಣಿದಾಡಿದ. ಅದು ಸಮುದ್ರದ ನೀರಲ್ಲ, ಬೆಚ್ಚಗಾಗದ ಎಂಜಿನ್ನಿನ ಒಳಗೇ ಬೆವರಿ ಇಳಿದ ನೀರು ಎಂದು ನನಗೆ ಗೊತ್ತಿತ್ತು. ಫೋರ್‌ಮನ್ ತಂಬಿಯನ್ನು ಬದಿಗೆ ನಿಲ್ಲಿಸಿ ನನ್ನನ್ನು ಕರೆದ.

ನಾನು ಒಂದೇ ದಿನದಲ್ಲಿ ಆಯಿಲ್ ಬದಲಿಸಿ ಎರಡು ಥರ್ಮೋಸ್ಟಾಟನ್ನೂ ಕೂರಿಸಿದೆ. ಬೋಟು ಹಾರಿತು. ಫೋರ್‌ಮನ್ ತಂಬಿಯನ್ನು ಕೇಳಿದ, "ಇದನ್ನು ತೆಗೆಯಲು ನಿನಗೆ ಯಾರು ಕಲಿಸಿದ್ದು?" ನಾನು ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಎಣ್ಣೆ ಬಟ್ಟೆ. ಅವನು ನನ್ನ ಕಡೆ ನೋಡಲೂ ಇಲ್ಲ. "ಯಾರೂ ಇಲ್ಲ, ನಾನೇ ತೆಗೆದದ್ದು," ಎಂದ.

ಈಗ ಎಂಜಿನ್ ವಿಭಾಗಕ್ಕೆ ನಾನೇ ಮುಖ್ಯಸ್ಥ. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಯಾರೋ ಬೈದ ಹಾಗಾಗುತ್ತದೆ.

ನಿನ್ನೆ ಅವನು ರೂಮಿಗೆ ಬಂದ. "ಅದ್ರಾಮಾಕ, ಮನೆಗೆ ಕಾಗದ ಉಂಟಾ? ರುಕಿಯಾತ್ತನ ಕೈಗೆ ಕೊಟ್ಟೇ ನಾನು ಕಡಬಕ್ಕೆ ಹೋಗುದು." ಇಂಥವನನ್ನು ನಾನು ಏನು ಮಾಡಲಿ ಹೇಳು! ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಿತ್ತು.

ರುಕಿಯಾ, ಅವನು ಬಂದರೆ ಕೂರಿಸು, ಚಾ ಕೊಡು. ಕುಡಿದಾದ ಮೇಲೆ ಈ ಕಾಗದವನ್ನು ಅವನೆದುರಿಗೇ ಗಟ್ಟಿಯಾಗಿ ಓದು. ಇಲ್ಲಿ ಹೇಳಲೆಂದು ಮೂರು ಸಲ ಅವನ ರೂಮಿಗೆ ಹೋದೆ, ಮೂರು ಸಲವೂ ಬೀಡಿ ಕೇಳಿ ತಿರುಗಿ ಬಂದೆ. ಫೋರ್‌ಮನ್ನಿಗೆ ಈಗಲೇ ಹೇಳಬಹುದಲ್ಲ ಎಂದು ನೀನು ಕೇಳುತ್ತೀ. ಹೆದರಿಕೆ. ಆದರೆ ತಂಬಿ 'ಹೇಳಿ' ಎಂದು ಒಂದು ಟೆಲಿಗ್ರಾಂ ಕಳಿಸಿದರೆ ಆ ದಿನವೇ ಹೇಳುತ್ತೇನೆ. ನನ್ನ ಕೆಲಸ ಹೋದರೂ ಸರಿ, ಅವನು ತಿರುಗಿ ಬರಲಿ.

ಉಮ್ಮನಿಗೆ ಸಲಾಂ ಹೇಳು, ಮಂಡಿನೋವಿನ ಎಣ್ಣೆ ತಂಬಿಯ ಕೈಯಲ್ಲಿ ಇದೆ. ಮೋಳಿಗೆ ನನ್ನ ಮುತ್ತು. ದೇವರು ನಿಮ್ಮೆಲ್ಲರನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ
ಅದ್ರಾಮ

ವಿ.ಸೂ.: ಇಲ್ಲಿಂದ ಮುಂದೆ ಅವನಿಗೆ ಓದಬೇಡ, ಇದು ನಿನಗೆ ಮಾತ್ರ. ಮೇಲೆ ಬರೆದದ್ದೆಲ್ಲ ಸತ್ಯ, ಆದರೆ ಪೂರ್ತಿ ಅಲ್ಲ. ಕೆಲಸದ ನಡುವೆ ಒಂದು ದಿನ ಚಾ ಕುಡಿಯುತ್ತಾ ತಂಬಿ ನನಗೊಂದು ಸುದ್ದಿ ಹೇಳಿದ. ನೀನು ಅದನ್ನು ಬರೆದೇ ಇರಲಿಲ್ಲ. ಆಗಸ್ಟಿನಲ್ಲಿ ಅವನು ನಮ್ಮ ಅಂಗಳಕ್ಕೆ ಬಂದ ಕೂಡಲೇ ನೆಬೀಸ ಓಡಿ ಬಂದು ಅವನ ಕಾಲು ತಬ್ಬಿಕೊಂಡು 'ಬಾಪ' ಎಂದಳಂತೆ. ಅವನು ಅವಳನ್ನು ಎತ್ತಿಕೊಂಡು ಗೋಡೆಯಲ್ಲಿರುವ ನನ್ನ ಫೋಟೋ ತೋರಿಸಿ, "ನಾನಲ್ಲ ಮೋಳೇ, ನಿನ್ನ ಬಾಪ ಇವರು," ಎಂದನಂತೆ. ಅವಳು ಫೋಟೋ ನೋಡಿ ಹೆದರಿ ಅತ್ತು, ಅವನ ಕುತ್ತಿಗೆಗೇ ಅಂಟಿಕೊಂಡಳಂತೆ. ಅವನು ನಗುತ್ತಾ ಹೇಳಿದ, ನಾನೂ ನಕ್ಕೆ. ಮರುದಿನ ಮಧ್ಯಾಹ್ನವೇ ನಾನು ಬೋಟಿಗೆ ಹತ್ತಿದ್ದು. ಕಳೆದ ರಜೆ ಮುಗಿಸಿ ನಾಲ್ಕು ತಿಂಗಳ ಕೂಸನ್ನು ಬಿಟ್ಟು ಬಂದವನು ಯಾರ ಮೇಲೆ ಸಿಟ್ಟು ಮಾಡಲಿ? ಈಗ ಅದೇ ಅಂಗಳಕ್ಕೆ ಅವನನ್ನು ನಾನೇ ತಿರುಗಿ ಕಳಿಸಿದ ಹಾಗಾಯಿತು. ಈ ಸಲ ಅವಳು ಅವನನ್ನು ಏನೆಂದು ಕರೆದಳು ಎಂದು ನೀನೇ ಬರೆ.