ಊದಬಾರದ ದೀಪ

ನವೆಂಬರ್ ೧೪, ಶುಕ್ರವಾರ. ಉಮ್ ಅಲ್ ಹಸ್ಸಮ್

ಮಗಳು ಪೂಜಿತಾ ಮಲಗಿದಳು, ನನಗೆ ನಿದ್ದೆಯಿಲ್ಲ. ಇವತ್ತು ಅವಳನ್ನು ಮಲಗಿಸುವಾಗ ಹೇಳಿದ ಕತೆ ನಾನೇ ಕಟ್ಟಿದ್ದು: ಪೂಜೆಯೇ ಅಪರಾಧವಾದ ಒಂದು ರಾಜ್ಯ. ಸೈನಿಕರು ಒಬ್ಬ ತಾಯಿಗೆ, "ದೇವರ ದೀಪವನ್ನು ಊದಿ ಆರಿಸು, ಇಲ್ಲವಾದರೆ ಮಗುವನ್ನು ಒಯ್ಯುತ್ತೇವೆ" ಎನ್ನುತ್ತಾರೆ.

ಅಲ್ಲಿಗೇ ನಿಂತುಬಿಟ್ಟೆ. ದೀಪ ಊದಬಾರದು, ಹೂವಿನಿಂದ ಶಾಂತ ಮಾಡಬೇಕು ಎಂದು ಅತ್ತೆ ಊರಿನಿಂದ ಈ ಕೊಲ್ಲಿ ದೇಶಕ್ಕೆ ವಿಡಿಯೋ ಕಾಲ್‌ ಮಾಡಿಯೇ ಪೂಜಿತಾಳಿಗೆ ಕಲಿಸಿದ್ದಾರೆ. ಹುಟ್ಟುಹಬ್ಬದ ಮೇಣದಬತ್ತಿಯನ್ನೂ ಅವಳು ಊದಲಿಲ್ಲ.

"ಎಂತ ಮಾರಾಯ್ತಿ, ನಿನ್ನ ಕತೆಗೆ ನೀನೇ ಹೆದರುದಾ?" ಎಂದು ಗಂಡ ರೂಪೇಶ್ ನಕ್ಕರು. ತಾಯಿ ಊದಲಿಲ್ಲ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ.

ಪೂಜಿತಾ ನನ್ನ ಕೆನ್ನೆ ಮುಟ್ಟಿ ಪಿಸುಗುಟ್ಟಿದಳು: "ನೀನು ಊದು ಅಮ್ಮ. ಅಜ್ಜಿಗೆ ನಾನು ಹೇಳುದಿಲ್ಲ."

ಅವಳನ್ನು ಉಳಿಸಿಕೊಳ್ಳಲು ನಾನು ಊದಿಬಿಡುತ್ತೇನೆಂದು ಅವಳಿಗೆ ಗೊತ್ತಾಗಿಬಿಟ್ಟಿದೆ.

ದೇವರ ಮುಂದೆ ದೀಪ ಇನ್ನೂ ಉರಿಯುತ್ತಿದೆ. ಹೂವು ಹಿಡಿದು ಹತ್ತಿರ ಹೋಗಲು ಮುಖವಿಲ್ಲ. ಎಣ್ಣೆ ಮುಗಿದು ಅದಾಗಿಯೇ ಶಾಂತವಾಗಲಿ.